ನೇಪಾಳಕ್ಕೆ ಹೋಗಿ ಸೊಟ್ಟಾದ ಡಬ್ಬಿ

ಮಾನವಿಯ ಬಟ್ಟೆ ಅಂಗಡಿ ಹುಲಿಗೆಪ್ಪನ ಮನೆಯಲ್ಲಿ ಒಂದು ಸಲ ಚಹಾ ಕುಡಿದವರಿಗೆಲ್ಲ ನೇಪಾಳ ಗೊತ್ತು. ಬಸ್ಸು ಹತ್ತಬೇಕಿಲ್ಲ, ಗುಡ್ಡ ಏರಬೇಕಿಲ್ಲ. ಅವನ ಪಡಸಾಲೆಯ ಜಮಖಾನದ ಮೇಲೆ ಕಾಲು ಮಡಚಿ ಕುಳಿತರೆ ಅರ್ಧ ಗಂಟೆಯಲ್ಲಿ ಹೋಗಿ ಬರಬಹುದು. ೧೯೭೮ರ ಬೇಸಿಗೆಯಲ್ಲಿ ರಾಯಚೂರಿನಿಂದ ಹೊರಟ ಯಾತ್ರೆಯ ಬಸ್ಸಿನಲ್ಲಿ ಹುಲಿಗೆಪ್ಪ ತನ್ನ ತಾಯಿ, ಹೆಂಡತಿ ಮತ್ತು ಹತ್ತು ವರ್ಷದ ಮಗಳನ್ನು ಕರೆದುಕೊಂಡು ಕಾಶಿ ಮುಗಿಸಿ ಕಠ್ಮಂಡು ನೋಡಿ ಬಂದ. ಆ ಕಾಲಕ್ಕೆ ಮಾನವಿಯಿಂದ ಪರದೇಶಕ್ಕೆ ಹೋದವರೆಂದರೆ ಹಜ್ ಮಾಡಿ ಬಂದ ಇಬ್ಬರು ಮೂವರು ಹಿರಿಯರು ಮಾತ್ರ. ಸುಮ್ಮನೆ ನೋಡಲಿಕ್ಕೆಂದು ಸಂಸಾರ ಕಟ್ಟಿಕೊಂಡು ಪರದೇಶಕ್ಕೆ ಹೋದವನು ತಾನೊಬ್ಬನೇ ಎಂಬುದನ್ನು ಮರೆಯಲು ಅವನು ಯಾರಿಗೂ ಬಿಡಲಿಲ್ಲ.

ಕಥೆ ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಲೇಬೇಕು. ಗಡಿಯ ಅಧಿಕಾರಿಯ ಮೀಸೆ ತೋರಿಸಲು ಹೆಗಲ ಮೇಲಿನ ಟವೆಲ್ಲನ್ನೇ ಮೂಗಿನ ಕೆಳಗೆ ಹಿಡಿಯುತ್ತಿದ್ದ. ಮಂಗನ ಪಾತ್ರ ಬಂದರೆ ಜಮಖಾನದ ಮೇಲೆ ಕುಕ್ಕರಗಾಲಲ್ಲಿ ಕುಪ್ಪಳಿಸುತ್ತಿದ್ದ. ಸಾಲ ಕೇಳಲು ಬಂದವರು, ಜಗಳಕ್ಕೆ ಬಂದವರು, ಸಾವಿನ ಸುದ್ದಿ ಹೇಳಲು ಬಂದವರು ಕೂಡ ನಕ್ಕು ಕಣ್ಣೊರೆಸಿಕೊಂಡೇ ಎದ್ದುಹೋಗುತ್ತಿದ್ದರು.

ಆದರೆ ಇಲ್ಲಿ ಹೇಳಹೊರಟದ್ದು ಅವನ ಸಂಗತಿಯಲ್ಲ. ಆ ಕಥೆ ನಡೆಯುವಾಗ ಚಹಾ ತಂದುಕೊಡುತ್ತಿದ್ದವಳ ಸಂಗತಿ. ಅವಳು ಅಮರಮ್ಮ, ಅವನ ಹೆಂಡತಿ. ಕಥೆ ಕೊನೆಗೆ ಬಂದಾಗ ಅವನು ಅಡುಗೆಮನೆಯ ಕಡೆ ತಿರುಗಿ "ತಗೊಂಬಾರಬೇ ಆ ಡಬ್ಬಿ" ಎಂದು ಕೂಗುತ್ತಿದ್ದ. ಅವಳು ಅಟ್ಟದ ಮೇಲಿಂದ ಒಂದು ಮೂಲೆ ಸೊಟ್ಟಾದ ತಗಡಿನ ಡಬ್ಬಿ ತಂದು ಮಂದಿಯ ನಡುವೆ ಇಟ್ಟು, ಬಾಯಿಗೆ ಸೆರಗು ಹಿಡಿದು ಒಂದಿಷ್ಟು ನಕ್ಕು ಒಳಗೆ ಹೋಗಬೇಕು. ಒಂಬತ್ತು ವರ್ಷ ಹಾಗೇ ತಂದಳು, ಹಾಗೇ ನಕ್ಕಳು.

ಅಮರಮ್ಮ ಹುಟ್ಟಿದ್ದು ದೇವದುರ್ಗದ ಹತ್ತಿರದ ಗೂಗಲ್ ಎಂಬ ಹಳ್ಳಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಅಪ್ಪ ಹರಿಗೋಲು ನಡೆಸುತ್ತಿದ್ದ. ಅವರ ಮನೆಯಲ್ಲಿ ಹರಿಗೋಲಿನ ಹುಟ್ಟಿಗೆ ಎರಡು ಕೆಲಸವಿತ್ತು. ಹಗಲೆಲ್ಲ ನೀರಿಗೆ ಬೀಳುತ್ತಿತ್ತು, ಮನೆಗೆ ಬಂದ ಮೇಲೆ ಅವ್ವನ ಬೆನ್ನಿಗೆ ಬೀಳುತ್ತಿತ್ತು. ಹೊಳೆ ತುಂಬಿ ಹರಿಗೋಲು ನಿಂತ ದಿನಗಳಲ್ಲಿ ಎರಡನೆಯ ಕೆಲಸವೇ ಜಾಸ್ತಿ. ಹಾಗಾಗಿ ಮಳೆಗಾಲ ಬಂತೆಂದರೆ ಊರಿನ ಮಕ್ಕಳೆಲ್ಲ ಕುಣಿಯುವಾಗ ಅಮರಮ್ಮ ಮನೆಯ ಮೂಲೆ ಹುಡುಕುತ್ತಿದ್ದಳು. ಹದಿನಾರಕ್ಕೆ ಮಾನವಿಯ ಹುಲಿಗೆಪ್ಪನಿಗೆ ಕೊಟ್ಟರು. ಬಟ್ಟೆ ವ್ಯಾಪಾರದ ಮನೆ, ಅಲ್ಲಿ ಹುಟ್ಟು ಇರುವುದಿಲ್ಲ ಎಂದು ಹುಡುಗಿ ಹಿಗ್ಗಿದಳು.

ಅಲ್ಲಿ ಗಜಕಡ್ಡಿ ಇತ್ತು. ಬಟ್ಟೆ ಅಳೆಯುವ ಕಬ್ಬಿಣದ ಕಡ್ಡಿ, ಬೆರಳುಗಾತ್ರದ್ದು. ಮದುವೆಯಾದ ಹನ್ನೊಂದನೆಯ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅದು ಮೊದಲ ಸಲ ಅವಳ ತೊಡೆಯ ಮೇಲೆ ಬಿತ್ತು. ಬಾವಿಯ ಹತ್ತಿರ ಯಾರ ಜೊತೆಗೋ ನಕ್ಕಳೆಂದು ಇನ್ನೊಂದು ಸಲ. ತವರಿಗೆ ಹೋಗಿ ಬರಲು ಎರಡು ದಿನ ತಡವಾಯಿತೆಂದು ಬಿದ್ದ ಏಟಿಗೆ ಬಲಗೈಯ ಉಂಗುರದ ಬೆರಳು ಮುರಿಯಿತು, ಮತ್ತೆ ನೆಟ್ಟಗಾಗಲೇ ಇಲ್ಲ. ಒಮ್ಮೆ ಕುದಿಯುವ ಚಹಾ ಹಿಮ್ಮಡಿಯ ಮೇಲೆ ಸುರಿದ. ಮಗಳು ಶರಣಮ್ಮ ಹೊಟ್ಟೆಯಲ್ಲಿದ್ದಾಗ ಮಾತ್ರ ಕಡ್ಡಿ ಮುಟ್ಟಲಿಲ್ಲ, ಬರೀ ಕೈಯಲ್ಲಿ ಹೊಡೆದ. ಅದನ್ನೂ ಅವನ ತಾಯಿ ಗದ್ದೆಮ್ಮ ಮಗನ ದೊಡ್ಡ ಗುಣವೆಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದಳು.

ಹೊಡೆದು ಮುಗಿದ ಮೇಲೆ ಹುಲಿಗೆಪ್ಪನ ಸಿಟ್ಟು ಸರಕ್ಕನೆ ಇಳಿದುಬಿಡುತ್ತಿತ್ತು. ಬಸ್‌ಸ್ಟ್ಯಾಂಡಿಗೆ ಹೋಗಿ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಅವಳ ಎದುರಿಗೆ ಕುಳಿತು ತಮಾಷೆ ಶುರುಮಾಡುತ್ತಿದ್ದ. ಆ ಗಿರಾಕಿ ಹೀಗೆ ಮೂಗು ಮುರಿದ, ಈ ಗಿರಾಕಿ ಹಾಗೆ ಚೌಕಾಸಿ ಮಾಡಿದ ಎಂದು ಅಭಿನಯಿಸುತ್ತಿದ್ದ. ಅವಳು ನಗುವವರೆಗೆ ಬಿಡುತ್ತಿರಲಿಲ್ಲ. ನಗದಿದ್ದರೆ ಮತ್ತೆ ಕಣ್ಣು ಕೆಂಪಾಗುತ್ತಿದ್ದವು. ಆದ್ದರಿಂದ ಅಮರಮ್ಮ ಅಳು ಮುಗಿಯುವ ಮೊದಲೇ ನಗುವುದನ್ನು ರೂಢಿಮಾಡಿಕೊಂಡಳು. ಇಂಥ ವಿದ್ಯೆಯನ್ನು ಯಾವ ಹೆಣ್ಣಿಗೂ ಯಾರೂ ಕಲಿಸದಿರಲಿ.

ಗೋಡೆಯಾಚೆ ಟೇಲರ್ ಪೀರಾ ಸಾಬ್‌ನ ಮನೆ. ಅವನ ಹೆಂಡತಿ ಮಹಬೂಬೀ ಪ್ರತಿ ಸಲವೂ ಅರಿಶಿನ ಸುಣ್ಣ ಕಲಸಿ ಬಿಸಿಮಾಡಿಕೊಂಡು ಹಿತ್ತಲ ಬಾಗಿಲಿಂದ ಬರುತ್ತಿದ್ದಳು. "ನಿನ್ನ ಗಂಡ ಊರಿಗೆಲ್ಲ ನಗಸ್ತಾನ ಅಮರಕ್ಕಾ. ನಾ ಅವನ ದನಿ ಕೇಳಿದ್ರ ಸಾಕು, ಕಿಡಕಿ ಮುಚ್ಚಿಬಿಡ್ತೀನಿ" ಎನ್ನುತ್ತ ಬಾಸುಂಡೆಗೆ ಹಚ್ಚುತ್ತಿದ್ದಳು. ಅಮರಮ್ಮ ಅದಕ್ಕೂ ನಗುತ್ತಿದ್ದಳು.

ಇನ್ನು ನೇಪಾಳದ ಕಥೆ. ಅದನ್ನು ಅವನು ಹೇಳುವ ಹಾಗೆಯೇ ಕೇಳಬೇಕು.

ಯಾತ್ರೆಯ ಬಸ್ಸಿನಲ್ಲಿ ನಲವತ್ತು ಮಂದಿ. ಹುಲಿಗೆಪ್ಪನ ಸಂಸಾರದ ಕಾಲಡಿ ಒಂದು ದೊಡ್ಡ ತಗಡಿನ ಡಬ್ಬಿ, ಅದರಲ್ಲಿ ನೂರಿಪ್ಪತ್ತು ಒಣಗಿಸಿದ ಕಟಕ ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿಯ, ನಮ್ಮ ಮಾತಿನಲ್ಲಿ ಹಿಂಡಿಯ, ಗಂಟು. ಹೋಗುವಾಗ ಗಡಿಯಲ್ಲಿ ಒಬ್ಬ ಪೊಲೀಸ ಡಬ್ಬಿ ತೆಗೆಸಿ, ರೊಟ್ಟಿಯೊಂದನ್ನು ಎತ್ತಿ ಹಿಂದೆ ಮುಂದೆ ನೋಡಿ, ಲಾಠಿಯಿಂದ ಬಡಿದು, "ಇದರಿಂದ ಏನು ಕಟ್ಟುತ್ತೀರಿ?" ಎಂದು ಕೇಳಿದನಂತೆ. ಗದ್ದೆಮ್ಮ ಸಿಟ್ಟಿಗೆದ್ದು ಆ ರೊಟ್ಟಿಯನ್ನು ಅವನೆದುರಿಗೇ ಕಟಕಟ ಕಡಿದು ತಿಂದು ತೋರಿಸಿದಳಂತೆ.

ಕಠ್ಮಂಡುವಿನಲ್ಲಿ ಮಂಗನ ಅಧ್ಯಾಯ. "ಪಶುಪತಿನಾಥನ ಗುಡಿ ಹೊರಗ ನಮ್ಮವ್ವ ಹಿಂಡಿ ಗಂಟು ಬಿಚ್ಚಿದ್ಲು ನೋಡ್ರಿ, ಒಂದು ಮಂಗ್ಯಾ ಬಂದು ಒಂದು ಮುಕ್ಕು ಹಾಕ್ಕೊಂತು. ಅದು ಮಾನವಿ ಖಾರ! ಮಂಗ್ಯಾನ ಕಣ್ಣಾಗ ಬಳಬಳ ನೀರು. ಸಿಟ್ಟಿಗೆ ನಮ್ಮವ್ವನ ಕಪಾಳಕ್ಕ ಒಂದು ಬಿಟ್ಟಾ ಬಿಡ್ತು. ನಮ್ಮವ್ವ ಬಿಡ್ತಾಳೇನು? ಕಾಲಾಗಿನ ಚಪ್ಲಿ ತಗೊಂಡು ಆ ಮೆಟ್ಟಲ ಮ್ಯಾಗ ಅಟ್ಟಾಡಿಸಿ ಬಡದ್ಲು. ಅಲ್ಲಿ ಜನ ಕೈ ಮುಗ್ಯಾಕತ್ತಿದ್ರು, ಮಂಗ್ಯಾಗೋ ನಮ್ಮವ್ವಗೋ ಗೊತ್ತಾಗಲಿಲ್ಲ!"

ಆಮೇಲೆ ಹಿಮದ ಗುಡ್ಡ. ನಸುಕಿನಲ್ಲಿ ಎಲ್ಲರನ್ನೂ ಬೆಟ್ಟದ ಮೇಲೆ ಕರೆದೊಯ್ದಾಗ ಅಮರಮ್ಮ ದೂರದ ಬಿಳಿಯ ಶಿಖರ ನೋಡಿ "ಅಷ್ಟು ಉಪ್ಪು ಯಾರ್ರೀ ಸುರದ್ರು?" ಎಂದಳೆಂದು ಅವನು ಹೇಳುತ್ತಿದ್ದ. ಅವಳು ಹಾಗೆ ಅಂದಿರಲಿಲ್ಲ. ಅಂದು ಅವಳು ಏನೂ ಅಂದಿರಲಿಲ್ಲ. ಚಳಿಗೆ ನಡುಗುತ್ತಿದ್ದ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಿಸಿಲು ಆ ಬಿಳುಪಿನ ಮೇಲೆ ಇಳಿಯುವುದನ್ನು ನೋಡುತ್ತ ನಿಂತಿದ್ದಳು. ಅವಳ ಜೀವಮಾನದಲ್ಲಿ ಯಾರೂ ಅವಳನ್ನು ಏನೂ ಕೇಳದೆ ಸುಮ್ಮನೆ ನಿಲ್ಲಲು ಬಿಟ್ಟ ಕಾಲು ಗಂಟೆ ಅದು.

ಕಥೆಯ ಗಟ್ಟಿ ಕಾಳು ಮುಂದಿದೆ. ಆಗ ನೇಪಾಳಕ್ಕೆ ಹೋದವರು ದೇವರ ದರ್ಶನ ಒಂದು ತೂಕವಾದರೆ ಜಪಾನ್ ಸಾಮಾನು ಇನ್ನೊಂದು ತೂಕ ತರುತ್ತಿದ್ದರು. ಹುಲಿಗೆಪ್ಪ ಏಳು ವಾಚು, ಎರಡು ಟ್ರಾನ್ಸಿಸ್ಟರ್, ನಾಲ್ಕು ನೈಲಾನ್ ಸೀರೆ ಕೊಂಡ. ಸುಂಕದ ಕಟ್ಟೆ ದಾಟಿಸಬೇಕಲ್ಲ? ಟ್ರಾನ್ಸಿಸ್ಟರ್‌ಗಳು ರೊಟ್ಟಿಯ ಕೆಳಗೆ ಹೋದವು. ವಾಚುಗಳು ಅವನ ಮಣಿಕಟ್ಟಿನಿಂದ ಮೊಣಕೈವರೆಗೆ ಏರಿದವು. ನಾಲ್ಕು ನೈಲಾನ್ ಸೀರೆಗಳನ್ನು ಒಂದರ ಮೇಲೊಂದು ಉಡಿಸಿ, ಮೇಲೆ ಅವಳದೇ ಹತ್ತಿಯ ಸೀರೆ ಸುತ್ತಿ, ಮೇ ತಿಂಗಳ ಉರಿಬಿಸಿಲಿನಲ್ಲಿ ಅಮರಮ್ಮನನ್ನು ಗಡಿಯಲ್ಲಿ ಇಳಿಸಿದ. "ಹತ್ತಿ ಅಂಡಿಗಿ ನೋಡ್ರಿ, ಥೇಟ್ ಹತ್ತಿ ಅಂಡಿಗಿ. ಉರುಳಿಸಿಕೊಂಡಾ ಒಯ್ಯಬೇಕು!" ಎಂದು ಅವನು ಹತ್ತಿಯ ಮೂಟೆಯ ಹಾಗೆ ಕೈ ಅಗಲ ಮಾಡಿ ತೋರಿಸಿದಾಗ ಪಡಸಾಲೆಯಲ್ಲಿ ನಗೆಯ ಮೊದಲ ಅಲೆ ಏಳುತ್ತಿತ್ತು.

ಹೆಂಗಸರನ್ನು ತಪಾಸಣೆ ಮಾಡಲು ಪರದೆಯ ಹಿಂದೆ ಒಬ್ಬ ಹೆಂಗಸು ಕುಳಿತಿದ್ದಳು. ತುಂಬು ಬಸುರಿ. ಅಮರಮ್ಮ ಬೆವರಿ ತೂರಾಡುತ್ತಿದ್ದುದನ್ನು ಕಂಡು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ತನ್ನ ಹೂಜಿಯ ನೀರು ಕುಡಿಸಿದಳು. ಮಹಬೂಬೀಯ ಸಹವಾಸದಿಂದ ಕಲಿತ ಮುರುಕು ಉರ್ದುವಿನಲ್ಲಿ ಅಮರಮ್ಮ ಎಷ್ಟು ತಿಂಗಳು ಎಂದು ಕೇಳಿದಳು, ತವರಲ್ಲಿ ಏನೇನು ಮಾಡಿದರು ಎಂದಳು. ತಾಯಿಯಿಲ್ಲ, ಯಾರೂ ಏನೂ ಮಾಡಲಿಲ್ಲ ಎಂದಳು ಅವಳು. ಕೃಷ್ಣೆ ತುಂಗಭದ್ರೆಯರ ನಡುವೆ ಹುಟ್ಟಿದ ಯಾವ ಹೆಂಗಸೂ ಇದನ್ನು ಕೇಳಿ ಸುಮ್ಮನೆ ಎದ್ದುಬರಲಾರಳು. ಉಡಿ ತುಂಬದ ಬಸುರಿಯ ಕೈಯ ನೀರು ಕುಡಿದು ಬರುವುದುಂಟೇ? ಅಮರಮ್ಮ ಮೈಮೇಲಿನ ಸೀರೆಗಳನ್ನು ಒಂದೊಂದಾಗಿ ಸಡಿಲಿಸಿ, ಒಳಗಿದ್ದ ಹಸಿರು ನೈಲಾನ್ ಸೀರೆ ಎಳೆದು ತೆಗೆದಳು. ಕೈಚೀಲದಲ್ಲಿದ್ದ ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು ಅದರಲ್ಲಿಟ್ಟು, ಕುಂಕುಮ ಹಚ್ಚಿ, ಸುಂಕದ ಕಟ್ಟೆಯ ಆ ಹೆಂಗಸಿಗೆ ಉಡಿ ತುಂಬಿಬಿಟ್ಟಳು. ಕಳ್ಳಮಾಲನ್ನು ಹಿಡಿಯುವವಳ ಮಡಿಲಿಗೇ ಕಳ್ಳಮಾಲು ಹಾಕಿದ ಹೆಂಗಸು ಆ ಗಡಿಯಲ್ಲಿ ಅದಕ್ಕೆ ಮೊದಲೂ ಆಮೇಲೂ ಬಂದಿರಲಾರಳು.

ಅದೇ ಹೊತ್ತಿಗೆ ಪರದೆ ಸರಿಸಿ ಮೀಸೆಯ ಅಧಿಕಾರಿ ನೋಡಿದ. ಹೊಸ ಜಪಾನ್ ಸೀರೆ ಎಲ್ಲಿಂದ ಬಂತು ಎಂದ. ಬಸುರಿಗೆ ಸುಳ್ಳು ಹೇಳಲು ಬರಲಿಲ್ಲ. ಹುಲಿಗೆಪ್ಪನ ತೋಳು ಮೇಲಕ್ಕೆ ಸರಿಸಿದರೆ ಏಳು ವಾಚು ಏಳು ಹೊತ್ತು ತೋರಿಸುತ್ತಿದ್ದವು. ಡಬ್ಬಿ ಬೋರಲು ಹಾಕಿದರೆ ರೊಟ್ಟಿಯ ಚೂರಿನ ಜೊತೆ ಟ್ರಾನ್ಸಿಸ್ಟರ್ ಬಿದ್ದವು. ಎಲ್ಲವೂ ಜಪ್ತಿಯಾದವು. ಉಟ್ಟ ಸೀರೆ ಬಿಚ್ಚಿಸುವುದು ಬೇಡವೆಂದು ಉಳಿದವನ್ನು ಬಿಟ್ಟರು. ಮೂರು ನೈಲಾನ್, ಒಂದು ಹತ್ತಿಯದು, ಒಟ್ಟು ನಾಲ್ಕು.

"ಸಿಟ್ಟು ಬರಂಗಿಲ್ಲೇನ್ರೀ ಮನುಷ್ಯಾಗ? ಬಸ್ಸಿನ ಬಾಜೂಕ ಹಿಡದು ಬೆನ್ನಿಗೆ ಗುದ್ದಿದೆ. ಧಪ್ ಅಂತದ, ಆಕಿಗೆ ಸುದ್ದಿನಾ ಇಲ್ಲ! ಒದ್ದೆ. ಉರುಳಿದ್ಲು, ಮತ್ತ ಎದ್ಲು. ನಾಕ್ ಸೀರಿ ದಾಟಿ ಏಟು ಒಳಗ ಹೋಗಬೇಕಲ್ಲ? ಇದು ಆಗೋ ಮಾತಲ್ಲಂತ ಡಬ್ಬಿ ತಗೊಂಡು ತಲಿಗೆ ಬಿಟ್ಟೆ ನೋಡ್ರಿ..."

ಇಲ್ಲಿ ಅವನು ಮಾತು ನಿಲ್ಲಿಸಿ ಮಗಳ ಕಡೆ ನೋಡುತ್ತಿದ್ದ. ಶರಣಮ್ಮ ಚಿಕ್ಕವಳಿದ್ದಾಗಿನಿಂದ ಈ ಜಾಗ ಅವಳದು. ಲಂಗ ಸರಿಮಾಡಿಕೊಂಡು ನಿಂತು ಎರಡೂ ಕೈ ಬಡಿದು "ಡಣ್!" ಎನ್ನುತ್ತಿದ್ದಳು. ಮಂದಿ ಬಿದ್ದುಬಿದ್ದು ನಗುತ್ತಿದ್ದರು. ಆಮೇಲೆ ಡಬ್ಬಿ ಹೊರಗೆ ಬರುತ್ತಿತ್ತು. "ಡಬ್ಬಿ ಸೊಟ್ಟಾತು, ಆಕಿಗೇನೂ ಆಗಲಿಲ್ಲ!" ಎಂಬುದು ಕೊನೆಯ ಮಾತು.

೧೯೮೭ರ ಮಾಘದಲ್ಲಿ ಶರಣಮ್ಮನಿಗೆ ರಾಯಚೂರಿನಿಂದ ಗಂಡು ಬಂತು. ಹತ್ತಿ ಅಡತಿಯ ಕನಕರಾಯನ ಎರಡನೆಯ ಮಗ ನಿಂಗರಾಜ. ಮನೆ ದೊಡ್ಡದು, ಎರಡು ಲಾರಿ, ಗಂಜಿನ ಮಾರುಕಟ್ಟೆಯಲ್ಲಿ ಮಾತಿಗೆ ಬೆಲೆ. ಹುಲಿಗೆಪ್ಪ ನೆಲದ ಮೇಲೆ ನಿಲ್ಲದಾದ. ಅಮರಮ್ಮನಿಗೆ ಗೊತ್ತಾಗಬೇಕಿದ್ದುದು ಒಂದೇ: ಹುಡುಗ ಕೈ ಎತ್ತುವವನೋ ಅಲ್ಲವೋ. ಗಂಡನನ್ನು ಕೇಳುವಂತಿರಲಿಲ್ಲ. ಗೋಡೆಯ ಮೇಲಿಂದ ಮಹಬೂಬೀಗೆ ಹೇಳಿದಳು. ಮಹಬೂಬೀ ರಾಯಚೂರಿನಲ್ಲಿದ್ದ ತನ್ನ ತಂಗಿ ಗುಲ್ಶನ್ ಬೇಗಂಗೆ ಹೇಳಿಕಳಿಸಿದಳು. ಒಂದು ವಾರಕ್ಕೆ ಸುದ್ದಿ ಬಂತು.

"ಕುಡಿಯಂಗಿಲ್ಲಂತ ಅಮರಕ್ಕಾ. ಇಸ್ಪೀಟು ಆಡಂಗಿಲ್ಲಂತ."

"ಕೈ ಬಗ್ಗೆ ಏನಂದ್ಲು?"

"ಅದನ್ನ ಹೆಂಗ ತಿಳಕೋಬೇಕು? ಹೊಡಿಯವ್ರು ಅಂಗಡಿ ಮುಂದ ಬೋರ್ಡ್ ಹಾಕ್ಕೊಂಡು ಹೊಡೀತಾರೇನು? ನಿನ್ನ ಗಂಡನ್ನ ನೋಡಿದ್ರ ಯಾರಿಗರ ಗೊತ್ತಾಗ್ತದೇನು ಹೇಳು."

ಅಮರಮ್ಮ ಗೋಡೆ ಬಿಟ್ಟು ಒಳಗೆ ಬಂದಳು. ಶರಣಮ್ಮ ಹಾಡಿಕೊಂಡು ಓಡಾಡುತ್ತಿದ್ದಳು, ರಾಯಚೂರಿನ ಮನೆಯ ಮಹಡಿ ಹೇಗಿರಬಹುದು ಎಂದು ಕೇಳುತ್ತಿದ್ದಳು. ಆ ಹುಡುಗಿಯ ಬೆನ್ನ ಮೇಲೆ ಇವತ್ತಿನವರೆಗೆ ಒಂದು ಏಟೂ ಬಿದ್ದಿರಲಿಲ್ಲ. ಬೀಳಬೇಕಾದದ್ದೆಲ್ಲ ತನ್ನ ಮೇಲೆ ಬಿದ್ದಿದೆ, ಅದು ಮಗಳ ಪಾಲಿನದೂ ಸೇರಿ ತೀರಿಹೋಗಿದೆ ಎಂದು ಅಮರಮ್ಮ ನಂಬಿಕೊಂಡಿದ್ದಳು.

ಗೊತ್ತುಮಾಡಿದ ದಿನ ಬೆಳಿಗ್ಗೆ ಹತ್ತಕ್ಕೆ ಕನಕರಾಯ, ಅವನ ಹೆಂಡತಿ, ಹುಡುಗ, ಇಬ್ಬರು ಹಿರಿಯರು ಕಾರಿನಲ್ಲಿ ಬಂದಿಳಿದರು. ಹುಡುಗಿಯನ್ನು ನೋಡಿದ್ದಾಯಿತು, ಹೆಸರು ಕೇಳಿದ್ದಾಯಿತು, ಕೊಡುವುದು ತೆಗೆದುಕೊಳ್ಳುವುದು ಮಾತಾಯಿತು. ಉಳಿದದ್ದು ಸಕ್ಕರೆ. ಎರಡೂ ಕಡೆಯ ಹಿರಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆಂದರೆ ಮುಗಿಯಿತು, ಆಮೇಲೆ ಮಾತು ಮುರಿದವರು ನಾಲ್ಕು ಮಂದಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಸಕ್ಕರೆಯ ತಟ್ಟೆ ಕನಕರಾಯನ ಮುಂದೆ ಬಂತು. ಆದರೆ ಇಷ್ಟು ಒಳ್ಳೆಯ ಮಂದಿ ಸಿಕ್ಕಿರುವಾಗ ನೇಪಾಳಕ್ಕೆ ಹೋಗದೆ ಬಿಟ್ಟರೆ ಅವನು ಹುಲಿಗೆಪ್ಪನೇ ಅಲ್ಲ.

ಅಂದು ಅವನು ಎಂದಿಗಿಂತ ಚೆನ್ನಾಗಿ ಹೇಳಿದ. ಮಂಗನ ಏಟಿಗೆ ಹಿರಿಯರೊಬ್ಬರ ಬಾಯಿಂದ ಚಹಾ ಚಿಮ್ಮಿತು. ಅಮರಮ್ಮ ಬಾಗಿಲ ಮರೆಯಲ್ಲಿ ನಿಂತು ಕಥೆ ಕೇಳುತ್ತಿರಲಿಲ್ಲ, ಮುಖಗಳನ್ನು ನೋಡುತ್ತಿದ್ದಳು. ಕನಕರಾಯ ನಗುತ್ತಿದ್ದ. ಅವನ ಹೆಂಡತಿ ಮಾತ್ರ ಹತ್ತಿಯ ಅಂಡಿಗೆ ಉರುಳತೊಡಗಿದಾಗಿನಿಂದ ತಟ್ಟೆಯ ಮೇಲಿನ ಹೂವನ್ನು ನೋಡುತ್ತ ಕುಳಿತಿದ್ದಳು, ಕೊರಳ ಹತ್ತಿರ ಸೆರಗು ಬಿಗಿಯಾಗಿ ಹಿಡಿದಿದ್ದಳು. ಆ ಹಿಡಿತ ಅಮರಮ್ಮನಿಗೆ ಪರಿಚಯದ್ದು.

"ನಾಕ್ ಸೀರಿ ದಾಟಿ ಏಟು ಒಳಗ ಹೋಗಬೇಕಲ್ಲ?" ಎಂದ ಹುಲಿಗೆಪ್ಪ.

ನಿಂಗರಾಜ ತೊಡೆ ತಟ್ಟಿ ನಕ್ಕ. "ಮಾವಾರ, ನೀವು ಭಾಳ ಮೆತ್ತಗಿನವ್ರು. ನಾ ಆಗಿದ್ರ ಮೊದಲ ನಾಕೂ ಸೀರಿ ಬಿಚ್ಚಿಸಿ, ಆಮ್ಯಾಲ ಬಡೀತಿದ್ದೆ!"

ಪಡಸಾಲೆ ಹಾರಿಹೋಗುವಂಥ ನಗು. ಹುಲಿಗೆಪ್ಪ ಭಾವಿ ಅಳಿಯನ ಬೆನ್ನು ಚಪ್ಪರಿಸಿ, ಕಣ್ಣೊರೆಸಿಕೊಂಡು, ಡಬ್ಬಿ ಎತ್ತಿ ತಲೆಗೆ ಬಿಡುವ ಅಭಿನಯ ಮಾಡಿದ. ಆಗ ಅಡುಗೆಮನೆಯಲ್ಲಿ, ಅಮರಮ್ಮನ ಹಿಂದೆಯೇ, ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದಿದ್ದ ಶರಣಮ್ಮ ಎರಡೂ ಕೈ ಬಡಿದು ಹಳೆಯ ರೂಢಿಯಂತೆ "ಡಣ್!" ಎಂದಳು. ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು.

ಅಮರಮ್ಮ ತಿರುಗಿ ನೋಡಿದಳು. ಅಂದು ಹತ್ತು ವರ್ಷದವಳಾಗಿದ್ದ ಈ ಹುಡುಗಿ ಬಸ್ಸಿನ ಕಿಟಕಿಯಲ್ಲಿ ಚೀರುತ್ತ ಅಳುತ್ತಿದ್ದಳು. ಅದು ಅವಳಿಗೆ ನೆನಪೇ ಇರಲಿಲ್ಲ. ಅವಳಿಗೆ ನೆನಪಿದ್ದದ್ದು ಕಥೆ. ಅದನ್ನು ಮರೆಸಿದವನು ಹುಲಿಗೆಪ್ಪನೊಬ್ಬನೇ ಅಲ್ಲ ಎಂಬುದು ಅಮರಮ್ಮನಿಗೆ ಆ ಕ್ಷಣ ಹೊಳೆಯಿತು. ಡಬ್ಬಿ ತಂದಿಟ್ಟವಳು ತಾನು, ಸೆರಗು ಹಿಡಿದು ನಕ್ಕವಳು ತಾನು. ಅವ್ವನೇ ನಕ್ಕ ಮೇಲೆ ಮಗಳು ಏನು ತಿಳಿದುಕೊಳ್ಳಬೇಕು? ಅವಳಿಗೆ ತನ್ನ ಮೇಲೆ ಬಂದಷ್ಟು ಸಿಟ್ಟು ಗಂಡನ ಮೇಲೂ ಬರಲಿಲ್ಲ.

"ತಗೊಂಬಾರಬೇ ಆ ಡಬ್ಬಿ!" ಎಂಬ ಕೂಗು ಕೇಳಿಸಿತು.

ಅವಳು ಡಬ್ಬಿ ತೆಗೆದುಕೊಂಡು ಹೊರಗೆ ಬಂದಳು. ಬಾಯಿಗೆ ಸೆರಗು ಹಿಡಿಯಲಿಲ್ಲ. ಡಬ್ಬಿಯನ್ನು ನಡುವೆ ಇಟ್ಟು, ಸಕ್ಕರೆಯ ತಟ್ಟೆಯನ್ನು ಕನಕರಾಯನ ಮುಂದಿನಿಂದ ಎತ್ತಿಕೊಂಡಳು.

"ಕಥಿ ಇನ್ನೂ ಮುಗಿದಿಲ್ಲರೀ" ಎಂದಳು. "ಉಳಿದಿದ್ದು ನಾ ಹೇಳ್ತೀನಿ, ಕೇಳ್ರಿ. ಆ ಗುದ್ದು ನಾಕ್ ಸೀರಿ ದಾಟಿ ಒಳಗ ಬಂದಿದ್ವು. ಎರಡು ತಿಂಗಳು ಉಸಿರು ತಗೊಂಡ್ರ ಪಕ್ಕಡಿ ಎಲುಬು ಚುಚ್ಚತಿತ್ತು. ಡಬ್ಬಿ ಬಿತ್ತಲ್ಲ, ಒಂದು ಕಿವಿಯಾಗಿಂದ ರಕ್ತ ಬಂತು. ಕಾಶಿ ಮಟ ಸೆರಗ ಒತ್ತಿ ಹಿಡ್ಕೊಂಡು ಕುಂತಿದ್ದೆ. ಬಸ್ಸಿನಾಗ ನಲವತ್ತು ಮಂದಿ ಇದ್ರು, ಯಾರೂ ಕೇಳಲಿಲ್ಲ, ಎಲ್ರೂ ನಗಾಕತ್ತಿದ್ರು. ನೀವು ಡಣ್ ಅಂತೀರಲ್ಲ, ಆ ಕಿವಿ ಕೇಳಿದ್ದು ಅದಾ ಕಡೀದು. ಒಂಬತ್ತು ವರ್ಷ ಆತು."

ಹುಲಿಗೆಪ್ಪ ನಗಲು ನೋಡಿದ. "ಏ, ಹುಚ್ಚಿ ಅದಾಳ್ರಿ ನಮ್ಮಾಕಿ, ಮಗಳು ಹೊಕ್ಕಾಳಂತ ಸಂಕಟಕ್ಕ ಏನೇನರ ಅನ್ನಾಕತ್ತಾಳ. ಒಳಗ ನಡಿಬೇ. ಇವತ್ತೂ ನಾಕ್ ಸೀರಿ ಉಟ್ಕೊಂಡು ಬಂದಿಯೇನು ಇಷ್ಟು ಧೈರ್ಯಕ್ಕ?"

"ಇವತ್ತು ಒಂದಾ ಉಟ್ಟೀನಿ" ಎಂದಳು ಅಮರಮ್ಮ. "ಹೊಡೀರಿ. ತಾಗ್ತದೋ ಇಲ್ಲೋ ಬೀಗರೂ ನೋಡ್ಲಿ. ನನ್ನ ಮಗಳನ್ನ ಈ ಹುಡುಗಗ ನಾ ಕೊಡಂಗಿಲ್ಲ."

ಇಪ್ಪತ್ತೆರಡು ವರ್ಷದ ಅಭ್ಯಾಸದ ಕೈ. ಮಂದಿ ಇದ್ದಾರೆ ಎಂಬುದು ಅದಕ್ಕೆ ನೆನಪಾಗುವ ಮೊದಲೇ ಹಾರಿ ಬಂದು ಅವಳ ಕೆನ್ನೆಗೆ ಬಡಿಯಿತು. ಸಕ್ಕರೆಯ ತಟ್ಟೆ ಗೋಡೆಗೆ ಹೊಡೆದು ಜಮಖಾನದ ತುಂಬ ಚೆಲ್ಲಿತು. ಅಮರಮ್ಮನ ತುಟಿ ಒಡೆದು ಗದ್ದದ ಮೇಲೆ ರಕ್ತ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಕೂರಲಿಲ್ಲ, ನಿಂತೇ ಇದ್ದಳು.

ಮೊದಲು ಎದ್ದವಳು ಕನಕರಾಯನ ಹೆಂಡತಿ. ಅಮರಮ್ಮನ ಹತ್ತಿರ ಬಂದು, ತನ್ನ ಸೆರಗಿನ ತುದಿಯಿಂದ ಅವಳ ಗದ್ದ ಒರೆಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಕನಕರಾಯ "ನಾವು ಬರ್ತೀವಿ ಹುಲಿಗೆಪ್ಪ" ಎಂದು ಅವಳ ಹಿಂದೆ ನಡೆದ. ಹಿರಿಯರು ಕೆಮ್ಮುತ್ತ ಎದ್ದರು. "ಹೆಂಗಸು ಭಾಳ ಜೋರದಾಳ" ಎಂದು ನಿಂಗರಾಜ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಕಾರಿನ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿದವು.

ಹುಲಿಗೆಪ್ಪ ತಲೆಬಾಗಿಲ ಅಗುಳಿ ಹಾಕಿ ಬಂದಾಗ ಅವನ ಕೈಯಲ್ಲಿ ಗಜಕಡ್ಡಿ ಇತ್ತು. ಮೊದಲ ಏಟು ಅಮರಮ್ಮನ ಭುಜಕ್ಕೆ, ಎರಡನೆಯದು ಮೊಣಕಾಲಿಗೆ. ಅವಳು ಗೋಡೆ ಹಿಡಿದು ಕುಸಿದಳು. "ನನ್ನ ಮಾನ ಕಳದಿ, ಇವತ್ತ ನಿನ್ನ ಉಳಸಂಗಿಲ್ಲ" ಎನ್ನುತ್ತ ಅವನು ಕಡ್ಡಿಯನ್ನು ತಲೆಗಿಂತ ಮೇಲೆ ಎತ್ತಿದ. ಇಳಿದ ಕಡ್ಡಿ ಬಿದ್ದದ್ದು ಓಡಿ ಬಂದು ಅಡ್ಡ ನಿಂತ ಶರಣಮ್ಮನ ಮುಂಗೈ ಮೇಲೆ. ಬಳೆಗಳು ಚೂರಾದವು. ಹುಡುಗಿ ಜೀವಮಾನದ ಮೊದಲ ಏಟಿಗೆ ಒಮ್ಮೆ ಕಿರುಚಿ, ಆ ಕಿರುಚು ಮುಗಿಯುವ ಮೊದಲೇ ಕಡ್ಡಿಯ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಳು.

"ಬಿಡಬೇ."

"ಬಿಡಂಗಿಲ್ಲ ಯಪ್ಪಾ."

"ಬಿಡು ಅಂದ್ರ!"

"ನಾ ಸತ್ರೂ ಬಿಡಂಗಿಲ್ಲ."

ಅವನು ಎಳೆದ. ಜಮಖಾನದ ಮೇಲಿನ ಸಕ್ಕರೆಯಲ್ಲಿ ಕಾಲು ಜಾರುತ್ತ ಹುಡುಗಿ ಅವನ ಹಿಂದೆಯೇ ಎಳೆದಾಡಿಸಿಕೊಂಡಳು, ಕೈ ಸಡಿಲಿಸಲಿಲ್ಲ. ಒದ್ದ. ತಡೆದುಕೊಂಡಳು. ಹಿತ್ತಲ ಬಾಗಿಲಿಂದ ಮಹಬೂಬೀ ನುಗ್ಗಿದಳು, ಹಿಂದೆ ಕತ್ತರಿ ಕೈಯಲ್ಲೇ ಹಿಡಿದು ಪೀರಾ ಸಾಬ್. ಅವರನ್ನು ಕಂಡು ಹುಲಿಗೆಪ್ಪ ಏದುಸಿರು ಬಿಡುತ್ತ ನಿಂತ. ಏನೋ ಹೇಳಲು ಬಾಯಿ ತೆರೆದ. ಯಾರು ಬಂದರೂ ಒಂದು ತಮಾಷೆ ಇಟ್ಟುಕೊಂಡಿದ್ದ ಮನುಷ್ಯನಿಗೆ ಅಂದು ಒಂದೂ ಸಿಗಲಿಲ್ಲ. ಕಡ್ಡಿ ಬಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು, ಅಗುಳಿ ತೆಗೆದು ಅಂಗಡಿಯ ಕಡೆ ನಡೆದ. ಪೀರಾ ಸಾಬ್ ಆ ಕಡ್ಡಿಯನ್ನು ತೆಗೆದುಕೊಂಡು ಹೋದವನು ಮತ್ತೆ ಕೊಡಲಿಲ್ಲ. ಮಹಬೂಬೀ ಅರಿಶಿನ ತರಲು ಓಡಿದಳು.

ಅಮರಮ್ಮ ಗೋಡೆಗೊರಗಿ ಕಾಲು ಚಾಚಿ ತೆರೆದ ತಲೆಬಾಗಿಲ ಕಡೆ ನೋಡುತ್ತಿದ್ದಳು. ಶರಣಮ್ಮ ಬಾತುಕೊಳ್ಳುತ್ತಿದ್ದ ಮುಂಗೈಯನ್ನು ಎದೆಗೆ ಒತ್ತಿ ಹಿಡಿದು ಬಂದು ಅವಳ ಎಡಕ್ಕೆ ಕುಳಿತಳು. ಅವ್ವನಿಗೆ ಅಂಟಿಕೊಂಡು ಮೆಲ್ಲಗೆ ಕೇಳಿದಳು.

"ಯವ್ವಾ, ಯಾವ ಕಿವಿ?"

ಅಮರಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. ಉತ್ತರ ಬರಲಿಲ್ಲ. ಶರಣಮ್ಮ ಅವಳ ಮುಖವನ್ನೇ ನೋಡುತ್ತ ಕಾದಳು. ಆಮೇಲೆ ಎದ್ದು, ಹರಡಿದ್ದ ಬಳೆಚೂರು ದಾಟಿಕೊಂಡು, ಬಲಗಡೆಗೆ ಬಂದು ಕುಳಿತಳು.